ಔರಾದಿನ ಹಸಿರು ಖಾನೆ

ಅಧ್ಯಾಯ ಒಂಬತ್ತು

“ಒಂದೇ ಖಾನಿ, ಒಂದೇ ತಾರೀಖು. ಒಂದು ಹಾಳ್ಯಾಗ ಕೆಂಪು, ಇನ್ನೊಂದು ಹಾಳ್ಯಾಗ ಹಸರು. ಇದು ಹ್ಯಾಂಗ ಆಯ್ತು ಅಂತ ಯಾರರ ಹೇಳ್ರಿ. ನಾ ಈಗಿಂದೀಗ ಇಲ್ಲಿಂದ ಹೋಗ್ತೇನಿ.”

ಶರೋನ ಎರಡು ಹಾಳೆಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು, ಒಂದೊಂದರ ಮೇಲೆ ಒಂದೊಂದು ಬೆರಳೂರಿ ನಿಂತಿದ್ದಳು. ಕೂರಲು ಕುರ್ಚಿ ತೋರಿಸುವಷ್ಟು ಸೌಜನ್ಯ ಆ ಕೋಣೆಯಲ್ಲಿ ಯಾರಿಗೂ ಇರಲಿಲ್ಲ. ಅವಳೂ ಕೇಳಲಿಲ್ಲ. ಕೇಳಿ ಇಲ್ಲವೆನ್ನಿಸಿಕೊಳ್ಳುವುದಕ್ಕಿಂತ ಕಾಲು ನೋಯುವುದೇ ಮೇಲು.

ಬೀದರದ ಉದಗೀರ ರಸ್ತೆಯ ಆಸ್ಪತ್ರೆಯ ಮೇಲಂತಸ್ತಿನ ಕಚೇರಿಯಲ್ಲಿ ಶುಕ್ರವಾರ ಹನ್ನೊಂದಕ್ಕೆ ವಿಚಾರಣೆ ಶುರುವಾಗಿತ್ತು. ಬೀದರ, ಭಾಲ್ಕಿ, ಔರಾದ ಮೂರೂ ಕಡೆ ಆಸ್ಪತ್ರೆ ನಡೆಸುವ ಸಂಸ್ಥೆಯ ಆಡಳಿತ ಮಂಡಳಿಯ ಐವರು ಸಾಲಾಗಿ ಕೂತಿದ್ದರು. ಹಾವು ಕಡಿದ ಗೋರಖನಾಥ ಮಾಸ್ತರರು ಔರಾದಿನ ಆಸ್ಪತ್ರೆಯಲ್ಲಿ ವಿಷ ಇಳಿಸುವ ಇಂಜೆಕ್ಷನ್ ಸಿಗದೆ ಸತ್ತು ಹತ್ತು ದಿನವಾಗಿತ್ತು. ಔಷಧಿ ಇದೆಯೆಂದು ಸುಳ್ಳು ವರದಿ ಕೊಟ್ಟಳೆಂದು ಅಲ್ಲಿನ ಹಿರಿಯ ನರ್ಸ್ ಸುಸನ್ನಾಳನ್ನು ಸೋಮವಾರ ಪೊಲೀಸರಿಗೆ ಒಪ್ಪಿಸುವುದೆಂದು ಈ ಐವರು ತೀರ್ಮಾನಿಸಿಬಿಟ್ಟಿದ್ದರು. ಸುಸನ್ನಾ ಶರೋನಳ ಒಡಹುಟ್ಟಿದ ಅಕ್ಕ.

ಪೊಲೀಸ್ ಇಲಾಖೆಯ ಕಂಪ್ಯೂಟರ್ ವಿಭಾಗದಲ್ಲಿ ಒಂಬತ್ತು ವರ್ಷ ದುಡಿದು, ಮೇಲಿನವರೊಂದಿಗೆ ಜಗಳವಾಡಿ ಹೊರಬಂದು, ಚೌಬಾರಾ ಗೋಪುರದ ಬಳಿ ಖಾಸಗಿ ಪತ್ತೇದಾರಿ ಕಚೇರಿ ತೆರೆದವಳು ಶರೋನ. ಊರವರ ಎಷ್ಟೋ ಗುಟ್ಟು ಬಿಡಿಸಿದ್ದಳು. ತನ್ನ ಮನೆಯದೇ ಕೇಸು ಇದು ಮೊದಲನೆಯದು.

ಅಧ್ಯಕ್ಷ ಭಾಲಚಂದ್ರ ಹಾಳೆಗಳ ಕಡೆ ಕಣ್ಣು ಹಾಯಿಸಲೂ ಇಲ್ಲ.

“ನೋಡು ಬಾಯಿ, ನಿಮ್ಮಕ್ಕಗ ಜೊತಿಗಿ ಒಬ್ಬರನ್ನ ಕರಕೊಂಡು ಬರ್ಲಿಕ್ಕೆ ಪರವಾನಗಿ ಕೊಟ್ಟಿದ್ವಿ. ಅಕೀನೇ ಬಂದಿಲ್ಲ. ನೀ ಒಬ್ಬಾಕಿ ಬಂದು ನಮಗೇ ಸವಾಲು ಹಾಕ್ತಿ?”

“ಅಕಿಗಿ ಜ್ವರ ಬಂದಾವ್ರಿ ಸಾಹೇಬರ. ಮತ್ತ ನಾ ಸವಾಲು ಹಾಕಿಲ್ಲ, ಕೇಳೀನಿ.”

ಮೊದಲ ಹಾಳೆ ಜೂನ್ ಇಪ್ಪತ್ತಾರರಂದು ಅಚ್ಚಾದದ್ದು. ಕೇಂದ್ರ ಕಚೇರಿಯೇ ಮೂರೂ ಆಸ್ಪತ್ರೆಗಳಿಗೆ ಕಳಿಸಿತ್ತು. ಶರೋನ ಅದನ್ನು ಔರಾದಿನ ವಾರ್ಡಿನ ಫಲಕದಿಂದ ಕಿತ್ತು ತಂದಿದ್ದಳು. ಎರಡನೆಯದು ಜುಲೈ ಇಪ್ಪತ್ನಾಲ್ಕರದು, ಮಂಡಳಿ ಆರೋಪಪತ್ರಕ್ಕೆ ಅಂಟಿಸಿದ್ದು. ಎರಡರಲ್ಲೂ ಪ್ರತಿ ಬುಧವಾರ ನರ್ಸುಗಳು ತುಂಬುವ ಒಂದು ಅಡ್ಡಸಾಲು, ಊರಿಗೊಂದು ಉದ್ದಸಾಲು. ಅಂಕಿ ಒಂದೂ ಇಲ್ಲ, ಬರೀ ಬಣ್ಣ. ಹಾವಿನ ಔಷಧಿಯ ವಾಯಲ್, ಅಂದರೆ ಸಣ್ಣ ಸೀಸೆ, ಹತ್ತಕ್ಕಿಂತ ಹೆಚ್ಚು ಇದ್ದರೆ ಹಸಿರು, ಹತ್ತು ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಕೆಂಪು.

ಜೂನ್ ಇಪ್ಪತ್ತೈದರ ಔರಾದ ಖಾನೆ ಮೊದಲ ಹಾಳೆಯಲ್ಲಿ ಕೆಂಪಗಿತ್ತು. ಎರಡನೆಯದರಲ್ಲಿ ಅದೇ ಖಾನೆ ಹೊಸ ಹುಲ್ಲಿನ ಹಾಗೆ ಹಸಿರು.

“ಪ್ರಿಂಟರ್ ಶಾಯಿ ಫರಕ್ ಇರ್ತದ ಮೇಡಮ್,” ಎಂದ ಜನರಲ್ ಮ್ಯಾನೇಜರ್ ಮಕರಂದ. ಇಸ್ತ್ರಿ ಮಡಿಕೆ ಕೆಡದ ಅಂಗಿ, ಕೆಡದ ನಗು. “ಅಷ್ಟಕ್ಕ ಇಷ್ಟು ದೊಡ್ಡ ಗಲಾಟೆ ಯಾಕ್ರಿ?”

“ಹದಿನೆಂಟರ ಖಾನಿ ಎರಡೂ ಹಾಳ್ಯಾಗ ಕೆಂಪಗೇ ಅದಲ್ಲ? ಅದಕ್ಕ ಸಿಕ್ಕ ಶಾಯಿ ಅದರ ತಳಗಿನ ಖಾನಿಗಿ ಯಾಕ ಸಿಗಲಿಲ್ಲ?”

ಮಕರಂದನ ನಗು ಸ್ವಲ್ಪ ಸಣ್ಣದಾಯಿತು. ಇಷ್ಟು ಸಾಕು ಎಂದುಕೊಂಡಳು ಶರೋನ. ಈ ಮನುಷ್ಯನನ್ನು ಕಂಡರೆ ಅವಳಿಗೆ ಮೊದಲ ದಿನದಿಂದಲೂ ಮೈಯುರಿ.

“ಫೈಲ್ ತೆಗಿರಿ. ಗ್ವಾಡಿ ಮ್ಯಾಲ ಹಾಕ್ರಿ. ಎಲ್ಲರೂ ನೋಡೋಣು.”

“ಹೊರಗಿನವರಿಗಿ ತೋರಸಂಗಿಲ್ಲ,” ಎಂದರು ಭಾಲಚಂದ್ರ.

ಮಂಡಳಿಯಲ್ಲಿದ್ದ ಒಬ್ಬಳೇ ಹೆಂಗಸು ಡಾಕ್ಟರ್ ಗಾರ್ಗಿ. ಅವರಿಗೂ ಶರೋನಳ ಮೇಲೆ ಪ್ರೀತಿಯೇನಿರಲಿಲ್ಲ. ಗಡಿಯಾರ ನೋಡಿ ಮೂಗು ಮುರಿದರು. “ತೆಗಿರಿ ಮಕರಂದ. ಅಕಿ ಹೇಳೋದು ಸುಳ್ಳಿದ್ರ ಇಲ್ಲೇ ಮುಗೀತದ. ನನಗ ಓಪಿಡಿ ಅದ.”

ಗೋಡೆಯ ಪರದೆಯ ಮೇಲೆ ಹಾಳೆ ಮೂಡಿತು. ಔರಾದಿನ ಉದ್ದಸಾಲು ಮೇಲಿನಿಂದ ಕೆಳಗೆ ಹೀಗಿತ್ತು: ಹಸಿರು, ಹಸಿರು, ಕೆಂಪು, ಆಮೇಲೆ ಕೊನೆಯವರೆಗೂ ಹಸಿರು.

“ಈ ಸಾಲು ತೋರಿಸೇ ನೀವು ಶಾಬಾಸ್ ತಗೊಂಡ್ರಿ, ಅಲ್ಲೇನ್ರಿ?” ಶರೋನ ಮಕರಂದನತ್ತ ತಿರುಗಿದಳು. “ಔರಾದ ಬಿದ್ದಿತ್ತು, ಎದ್ದು ನಿಂತದ ಅಂತ ಜುಲೈ ಹತ್ತರ ಮೀಟಿಂಗಿನ್ಯಾಗ ಹೇಳೀರಿ. ಬರೆದಿಟ್ಟಾರ.”

“ಟ್ರೆಂಡ್ ಏನದ, ಅದನ್ನ ಹೇಳೀನಿ. ದೊಡ್ಡವರಿಗಿ ಅಂಕಿ ಓದ್ಲಿಕ್ಕೆ ಟೈಮ್ ಎಲ್ಲದ? ಅಂಕಿ ನೋಡಿ ತಾನೇ ಬಣ್ಣ ಬದಲಸೋ ಕಂಡಿಶನಲ್ ಫಾರ್ಮ್ಯಾಟಿಂಗ್ ಹಾಕಿ, ಅಂಕಿ ಮುಚ್ಚಿ, ಬಣ್ಣ ಇಟ್ಟೀನಿ. ಒಂದು ಕಣ್ಣಾಗ ಪೂರಾ ಜಿಲ್ಲಾ ಕಾಣ್ತದ.”

“ಕೆಂಪಿನಿಂದ ಹಸರಿಗಿ ಬರ್ಬೇಕಂದ್ರ ಔಷಧಿ ಬರ್ಬೇಕಲ್ಲ? ಬೀದರದಿಂದ ಔರಾದಿಗಿ ಯಾವ ಗಾಡಿ ಹೋಯ್ತು? ಯಾವ ದಿನ? ಇಳಿಸಿಕೊಂಡವರು ಯಾರು? ಒಂದು ಹೆಸರು ಹೇಳ್ರಿ.”

ಮೂಲೆಯಲ್ಲಿ ಕೂತು ನಡಾವಳಿ ಬರೆಯುತ್ತಿದ್ದ ಹಿರಿಯ ಗುಮಾಸ್ತ ಹಾವಗೆಪ್ಪನ ಪೆನ್ನು ನಿಂತಿತು. ಶರೋನ ಅದನ್ನು ಗಮನಿಸಿದಳು, ಸದ್ಯಕ್ಕೆ ಬಿಟ್ಟಳು.

“ಮೌಸ್ ನನ್ನ ಕೈಗಿ ಕೊಡ್ರಿ.”

“ಕೊಡಂಗಿಲ್ಲ,” ಎಂದ ಮಕರಂದ.

“ಹಂಗಾರ ನೀವೇ ಒತ್ತರಿ. ಜೂನ್ ಇಪ್ಪತ್ತೈದು, ಔರಾದ. ಆ ಖಾನಿ ಮ್ಯಾಲ ಒಂದು ಸಲ ಒತ್ತರಿ, ಸಾಕು.”

ಮಕರಂದ ಎಲ್ಲರ ಮುಖ ನೋಡಿದ. ಬೇರೆ ದಾರಿಯಿರಲಿಲ್ಲ, ಒತ್ತಿದ. ಖಾನೆಯೊಳಗೆ ಏನೂ ಕಾಣಲಿಲ್ಲ, ಅಲ್ಲಿ ಬರೆದದ್ದನ್ನು ಅವನೇ ಮರೆಮಾಡಿದ್ದ. ಆದರೆ ಖಾನೆಯಲ್ಲಿ ಏನಿದೆಯೋ ಅದು ಪರದೆಯ ನೆತ್ತಿಯ ಪಟ್ಟಿಯಲ್ಲಿ ಮೂಡಲೇಬೇಕು. ಅದನ್ನು ಮರೆಮಾಡುವುದನ್ನು ಅವನು ಮರೆತಿದ್ದ.

ಅಲ್ಲಿ ಇಂಗ್ಲಿಷಿನಲ್ಲಿ ಏನೂ ಇಲ್ಲವೆನ್ನುವ ಮೂರು ಅಕ್ಷರಗಳಿದ್ದವು. ನಿಲ್.

“ತಳಗಿಂದು ಒತ್ತರಿ,” ಎಂದಳು ಶರೋನ. ಅವಳ ದನಿ ಏರಿತ್ತು. ನಿಲ್. “ಅದರ ತಳಗಿಂದು.” ನಿಲ್. ಮಾಸ್ತರರು ಸಾಯುವ ಮುಂಚಿನ ವಾರದ್ದೂ ನಿಲ್.

“ನಾಲ್ಕು ವಾರ ನಮ್ಮಕ್ಕ ಔಷಧಿ ಇಲ್ಲ, ಇಲ್ಲ, ಇಲ್ಲ ಅಂತ ಬರದಾಳ. ನಿಮ್ಮ ಮಷೀನು ಅದಕ್ಕ ಹಸರು ಬಳದದ. ನೀವು ಹಸರು ನೋಡಿ ಚಾ ಕುಡದೀರಿ.”

“ನಿಲ್ ಯಾಕ ಬರೀಬೇಕು?” ಮಕರಂದ ಸಿಡುಕಿದ. “ಸೊನ್ನಿ ಬರದಿದ್ರ ಬರಾಬರ್ ಕೆಂಪಾಗ್ತಿತ್ತು. ಗಲತ್ ಅಕೀದೇ ಅದ.”

ಈ ಮಾತಿಗಾಗಿಯೇ ಶರೋನ ಕಾದಿದ್ದಳು. ಅಕ್ಕ ಕಲಿತ ನರ್ಸಿಂಗ್ ಶಾಲೆಯಲ್ಲಿ ಔಷಧಿಯ ರಿಜಿಸ್ಟರಿನಲ್ಲಿ ಸೊನ್ನೆ ಬರೆದರೆ ಹಿರಿಯ ಮೇಟ್ರನ್ ಹುಡುಗಿಯರನ್ನು ಹೊರಗೆ ನಿಲ್ಲಿಸುತ್ತಿದ್ದರು. ಸೊನ್ನೆಯ ಎಡಕ್ಕೆ ಯಾವನೋ ಒಂದು ಗೀಟು ಎಳೆದರೆ ಹತ್ತಾಗುತ್ತದೆ, ಕದ್ದವನು ಬಚಾವಾಗುತ್ತಾನೆ. ಅದಕ್ಕೇ ಅಲ್ಲಿ ಕಲಿತ ಯಾವ ನರ್ಸೂ ಇಂದಿಗೂ ಸೊನ್ನೆ ಬರೆಯುವುದಿಲ್ಲ. ಕಾಗದದ ಮೇಲೆ ಇದ್ದ ಕಾವಲನ್ನು ಅವರು ಕಂಪ್ಯೂಟರಿಗೂ ಹಾಗೆಯೇ ತಂದಿದ್ದರು.

“ಮೂವತ್ತು ವರ್ಷದಿಂದ ನಿಮ್ಮ ಆಸ್ಪತ್ರಿ ರಿಜಿಸ್ಟರಿನ್ಯಾಗ ನಿಲ್ ಅಂತನೇ ಬರೀತಾರ. ಒಂದು ರಿಜಿಸ್ಟರ್ ತೆಗದು ನೋಡೀರೇನು? ಈಗ ಒಂದು ನಕಲು ಮಾಡ್ರಿ. ನಕಲಿನ್ಯಾಗ ನಾ ಹೇಳಿದ್ದು ಬರೀರಿ.”

ಡಾಕ್ಟರ್ ಗಾರ್ಗಿ ತಲೆಯಾಡಿಸಿದರು. ಮಕರಂದ ನಕಲು ತೆರೆದ. ಶರೋನ ಸೊನ್ನೆ ಹಾಕಿಸಿದಳು, ಖಾನೆ ಕೆಂಪಾಯಿತು. ನಿಲ್ ಬರೆಸಿದಳು, ಹಸಿರಾಯಿತು. ಖಾಲಿ ಎಂದು ಬರೆಸಿದಳು, ಹಸಿರು.

“ಈಗ ಅಧ್ಯಕ್ಷರ ಹೆಸರು ಬರೀರಿ.”

ಭಾಲಚಂದ್ರ ಎಂಬ ಹೆಸರಿಗೂ ಯಂತ್ರ ಹಸಿರು ಬಳಿಯಿತು. ಮಂಡಳಿಯವನೊಬ್ಬ ಕಿಸಕ್ಕೆಂದು, ಅಧ್ಯಕ್ಷರ ಕಣ್ಣು ಬಿದ್ದೊಡನೆ ಕೆಮ್ಮಿದ.

“ಅಕ್ಷರ ಯಾವುದೇ ಇರ್ಲಿ, ಈ ಮಷೀನಿಗಿ ಅದು ಎಲ್ಲಾ ಅಂಕಿಗಿಂತ ದೊಡ್ಡದು. ಹತ್ತಕ್ಕಿಂತ ದೊಡ್ಡದಿದ್ರ ಹಸರು ಮಾಡು ಅಂತ ನೀವು ಹೇಳೀರಿ, ಅದು ಮಾಡ್ಯದ. ಇನ್ನೊಂದು ಹೆಸರು ಬರೀರಿ. ಗೋರಖನಾಥ.”

ಮಕರಂದನ ಕೈ ಕೀಲಿಮಣೆಯ ಮೇಲೆ ಸುಮ್ಮನೆ ಬಿದ್ದಿತ್ತು.

“ಬರೀರಿ!”

ಅವನು ಬರೆದ. ಗೋಡೆಯ ಮೇಲೆ ಆ ಖಾನೆಯೂ ಹಸಿರಾಯಿತು. ಈಗ ಯಾರೂ ನಗಲಿಲ್ಲ. ಮಾಸ್ತರರನ್ನು ಶರೋನ ಕಂಡವಳಲ್ಲ. ಶಾಲೆಯ ಸ್ಟೋರಿನ ಬಾಗಿಲು ತೆಗೆಯಲು ಹೋಗಿ ಕಡಿಸಿಕೊಂಡವರು ಅಕ್ಕನ ಕೈ ಹಿಡಿದುಕೊಂಡೇ ಸತ್ತರೆಂಬುದಷ್ಟೇ ಗೊತ್ತು. ಆ ಕೈಗೆ ಈ ಜನ ಬೇಡಿ ತೊಡಿಸಲು ಹೊರಟಿದ್ದರು. ಅವಳಿಗೆ ಅಳು ಬರುವ ಬದಲು ಸಿಟ್ಟೇ ನೆತ್ತಿಗೇರಿತು.

“ಇನ್ನ ಒಂದು ಪ್ರಶ್ನಿ ಉಳೀತು. ಜೂನ್ ಇಪ್ಪತ್ತಾರಕ್ಕ ಇದೇ ನಿಲ್ ಕೆಂಪಗಿತ್ತು. ಅಂದ್ರ ಆವಾಗ ಇನ್ನೊಂದು ನಿಯಮ ಇತ್ತು. ಅದನ್ನ ಯಾರೋ ತಿಳಿದವರು ಹಾಕಿದ್ರು. ಅಲ್ಲೇನ್ರಿ ಹಾವಗೆಪ್ಪನವರ?”

ಹಾವಗೆಪ್ಪ ಎದ್ದು ನಿಂತ. ಐವತ್ತೆಂಟರ ಮನುಷ್ಯ, ನಿವೃತ್ತಿಗೆ ಎರಡು ವರ್ಷ. ಅವನ ಕನ್ನಡಕದೊಳಗಿನ ಕಣ್ಣು ಅಧ್ಯಕ್ಷರ ಕಡೆ ಹೋಯಿತು, ಅಲ್ಲಿಂದ ನೆಲಕ್ಕೆ ಬಂತು.

“ನಾನೇ ಹಾಕಿದ್ನಿರಿ,” ಎಂದ. “ಸಿಸ್ಟರಗೋಳು ನಿಲ್ ಬರೀತಾರ ಅಂತ ನನಗ ಮಾಲೂಮಿತ್ತು. ನಿಲ್ ಇದ್ರ ಕೆಂಪು ಮಾಡು ಅಂತ ಎಲ್ಲಕ್ಕಿಂತ ಮ್ಯಾಲ ಒಂದು ನಿಯಮ ಇಟ್ಟಿದ್ನಿ. ಜುಲೈ ನಾಲ್ಕಕ್ಕ ನೋಡ್ತೇನಿ, ಅದು ಇಲ್ಲ.”

“ಯಾರು ತೆಗದ್ರು?”

“ಸ್ವಚ್ಛ ಮಾಡ್ಲಿಕ್ಕೆ ಹೇಳಿದ್ರು!” ಮಕರಂದ ಕುರ್ಚಿಯಿಂದ ಎದ್ದುಬಿಟ್ಟ. ಆ ಮಡಿಕೆ ಕೆಡದ ನಗು ಎಲ್ಲೋ ಹೋಗಿತ್ತು. “ಫೈಲಿನ್ಯಾಗ ಹನ್ನೆರಡು ನಿಯಮ ಒಂದರ ಮ್ಯಾಲೊಂದು ಬಿದ್ದಿದ್ವು. ಮೂರನೇ ತಾರೀಖು ಮೀಟಿಂಗಿನ್ಯಾಗ ಏನಂದ್ರು? ಇಷ್ಟು ಕೆಂಪು ಯಾಕ, ಇದೇನು ಕುಂಕುಮದ ಅಂಗಡಿಯೇನು ಅಂದ್ರು. ನಾ ಒಂದೇ ನಿಯಮ ಉಳಿಸಿ ಉಳದದ್ದು ತೆಗದ್ನಿ. ನನ್ನ ನೋಡ್ತೀರಿ ಯಾಕ? ಅಂದವರನ್ನ ನೋಡ್ರಿ!”

ಎಲ್ಲರೂ ನೋಡಿದರು. ಭಾಲಚಂದ್ರರ ಮುಖ ಕಪ್ಪಿಟ್ಟಿತು.

“ಬಾಯಿ ಬಿಗಿ ಹಿಡಿ ಮಕರಂದ. ಕೆಂಪು ಕಡಿಮಿ ಮಾಡು ಅಂದ್ರ ಔಷಧಿ ಕಳಸು ಅಂತ ಅರ್ಥ. ಬಣ್ಣ ತೆಗಿ ಅಂತಲ್ಲ.”

“ಮರುವಾರ ಹಸರಾತಲ್ಲ, ಔಷಧಿ ಎಲ್ಲಿಂದ ಬಂತು ಅಂತ ನೀವರ ಕೇಳಿದ್ರೇನು?”

ಇಬ್ಬರೂ ಕೊಂಬಿಗೆ ಕೊಂಬು ಕೊಟ್ಟ ಹೋರಿಗಳ ಹಾಗೆ ನಿಂತರು. ನಿನ್ನೆಯವರೆಗೆ ಒಬ್ಬರ ಬೆನ್ನು ಒಬ್ಬರು ತಟ್ಟಿದವರು. ನೋಡಿ ಶರೋನಳಿಗೆ ಒಳಗೊಳಗೇ ಹಿತವಾಯಿತು, ಅದಕ್ಕೆ ನಾಚಿಕೆಯೂ ಆಗಲಿಲ್ಲ. ಅಕ್ಕ ಉಳಿದಳು. ಇನ್ನು ಆರೋಪಪತ್ರ ಹರಿದು ಹಾಕಿಸಿ, ಕಾಗದದಲ್ಲಿ ಕ್ಷಮೆ ಬರೆಸಿಕೊಂಡೇ ಹೋಗುವುದು ಎಂದು ಲೆಕ್ಕ ಹಾಕುತ್ತ ಪರದೆಯ ಕಡೆ ತಿರುಗಿದಳು.

ಆಗ ಅವಳ ತಲೆಗೆ ಬೇರೊಂದು ಮಾತು ಹೊಳೆಯಿತು.

“ಮಾಸ್ತರರು ತೀರಿಕೊಂಡ ಮ್ಯಾಲ ಔರಾದಿನ್ಯಾಗ ಹಾವು ಕಡದವರನ್ನ ತಗೋತಾ ಇಲ್ಲ, ಹೌದಲ್ಲ? ಹಂಗಾರ ಆ ಕಡಿ ಮಂದಿನ್ನ ಎಲ್ಲಿ ಕಳಸ್ತೀರಿ?”

“ಭಾಲ್ಕಿಗಿ,” ಎಂದರು ಡಾಕ್ಟರ್ ಗಾರ್ಗಿ. “ಭಾಲ್ಕಿ ಹಸರದ…”

ಮಾತು ಅರ್ಧಕ್ಕೇ ನಿಂತಿತು. ಅವರಿಗೂ ಹೊಳೆದಿತ್ತು.

ಮಕರಂದ ಯಾರೂ ಹೇಳದೆಯೇ ಮೂಲ ಫೈಲಿಗೆ ಹೋದ. ಕೊನೆಯ ಸಾಲು, ಮೊನ್ನೆ ಬುಧವಾರದ್ದು. ಭಾಲ್ಕಿಯ ಖಾನೆ ಹಸಿರಾಗಿ ಹೊಳೆಯುತ್ತಿತ್ತು. ಅದರ ಮೇಲೆ ಒತ್ತಿದ.

ನಿಲ್.

“ಬೀದರಿಂದು ಒತ್ತರಿ,” ಎಂದಳು ಶರೋನ. ನಲವತ್ತೆರಡು ಎಂದು ತೋರಿಸಿತು. ಅದೊಂದಾದರೂ ನಿಜವಾದ ಅಂಕಿ.

ಹಾವಗೆಪ್ಪ ಆಗಲೇ ಕೆಳಗಿನ ಕಂಟ್ರೋಲ್ ಕೋಣೆಗೆ ಇಂಟರ್‌ಕಾಮ್ ಹಚ್ಚಿದ್ದ. ಕೇಳಿಸಿಕೊಂಡು ಬಿಳಿಚಿಕೊಂಡ.

“ಹತ್ತೂವರಿಗಿ ಕಮಲನಗರದಿಂದ ಒಂದು ಗಾಡಿ ಹೊಂಟದಂತ್ರಿ. ಪೂನಮ ಅಂತ ಹೆಣ್ಣುಮಗಳು, ಇಪ್ಪತ್ತು ವರ್ಷ. ಎಡಗಾಲಿಗಿ ಕಡದದ. ಡ್ರೈವರ್ ಮುರ್ತುಜಾ. ಈಗ ಭಾಲ್ಕಿ ಮುಟ್ಟಿರಬೇಕು.”

“ಮುರ್ತುಜಾಗ ಹೇಳ್ರಿ, ಗಾಡಿ ನಿಲ್ಲಿಸೋದು ಬ್ಯಾಡ, ಸೀದಾ ಬೀದರ ಕಡಿ ತಿರುಗಿಸ್ಲಿ. ಇಲ್ಲಿಂದ ಇಪ್ಪತ್ತು ವಾಯಲ್ ಐಸ್ ಡಬ್ಬಿನ್ಯಾಗ ಹಾಕಿ ಎದುರಿಗಿ ಕಳಸ್ರಿ. ಹಲಬರ್ಗಾ ಹತ್ತರ ಸಿಗ್ತಾರ.” ಶರೋನ ಅಪ್ಪಣೆ ಕೊಡುತ್ತಿದ್ದಳು, ಯಾರೂ ನೀನ್ಯಾರು ಎಂದು ಕೇಳಲಿಲ್ಲ. ಡಾಕ್ಟರ್ ಗಾರ್ಗಿ ಚಪ್ಪಲಿ ಮೆಟ್ಟಿದವರೇ ಮೆಟ್ಟಿಲಿಳಿದು ಓಡಿದರು. ಔಷಧಿ ಹಿಡಿದು ತಾವೇ ಹೋಗುವವರು ಅವರು, ಅಷ್ಟರ ಮಟ್ಟಿಗೆ ಡಾಕ್ಟರೇ.

ಶರೋನ ತನ್ನ ಫೋನು ಮೇಜಿನ ಮೇಲಿಟ್ಟು ಸ್ಪೀಕರ್ ಹಾಕಿದಳು, ಹಾವಗೆಪ್ಪ ಬರೆದುಕೊಳ್ಳಲಿ ಎಂದು. ಭಾಲ್ಕಿಯ ವಾರ್ಡಿನ ನರ್ಸ್ ಎಲೀನಾ ಎತ್ತಿದಳು. ಸುಸನ್ನಾಳ ಕೈಕೆಳಗೆ ಕೆಲಸ ಕಲಿತ ಹುಡುಗಿ, ಶರೋನಳಿಗೂ ಪರಿಚಯ.

“ಎಲೀನಾ, ನಾ ಶರೋನ. ಕಮಲನಗರದ ಪೇಶಂಟ್ ಬಂತೇನು?”

“ಬಾಗಿಲಿಗೇ ಬಂದಾರ ಅಕ್ಕಾ. ನಾ ಕೈ ಕಾಲು ಬಿಟ್ಟು ನಿಂತೀನಿ. ನಮ್ಮ ಬಲ್ಲಿ ಒಂದೂ ವಾಯಲ್ ಇಲ್ಲ, ನಿಲ್ ಅಂತ ಬುಧವಾರನೇ ಹಾಕೀನಿ. ಆದ್ರೂ ಯಾಕ ಕಳಸ್ಯಾರ?”

“ಬೀದರಿಗಿ ತಿರುಗಿಸು. ಜೋಡಿ ನೀನೂ ಕೂಡು, ಎದುರಿಗಿ ಔಷಧಿ ಬರ್ಲಿಕತ್ತದ.”

“ಹ್ಞೂಂ ಅಕ್ಕಾ. ಸ್ಟ್ರೆಚರ್ ಇಳಸ್ಬ್ಯಾಡ್ರೀ!” ಎಂದು ಆ ಕಡೆ ಕೂಗಿದ್ದು ಕೇಳಿಸಿತು. ಗಾಡಿಯ ಬಾಗಿಲು ಬಡಿದ ಸದ್ದು, ಸೈರನ್ನು. ಮುರ್ತುಜಾ ಹೊರಟಿದ್ದ.

ಶರೋನ ಉಸಿರು ಬಿಟ್ಟಳು. ಪತ್ತೇದಾರಿಯ ಚಟ, ಇನ್ನೊಂದು ಪ್ರಶ್ನೆ ಕೇಳದೆ ಫೋನು ಇಡಲು ಅವಳಿಗೆ ಬರುವುದಿಲ್ಲ.

“ಭಾಲ್ಕಿನ್ಯಾಗ ಯಾವತ್ತೂ ಹದಿನೈದಕ್ಕಿಂತ ಕಡಿಮಿ ಇರ್ತಿರಲಿಲ್ಲ. ಎಲ್ಲ ಯಾವಾಗ ತೀರಿತು?”

“ತೀರಿಲ್ಲ ಅಕ್ಕಾ. ಬುಧವಾರ ಬೆಳಿಗ್ಗಿ ತನಕ ಹದಿನಾರು ಇದ್ವು. ಒಯ್ದ್ರಲ್ಲ.”

“ಯಾರು ಒಯ್ದ್ರು?”

ಸೈರನ್ನಿನ ನಡುವೆ ಎಲೀನಾಳ ದನಿ ಬಂತು.

“ನಿಮಗ ಗೊತ್ತಿಲ್ಲೇನು? ಸುಸನ್ನಾ ಸಿಸ್ಟರೇ ಬಂದಿದ್ರು. ಹೆಡ್ ಆಫೀಸಿನ ಆರ್ಡರ್ ಅದ ಅಂದ್ರು, ಸಹಿ ಮಾಡಿ ಎಲ್ಲ ಒಯ್ದ್ರು. ನನಗ ಕೆಲಸ ಕಲಿಸಿದವರು, ಇಲ್ಲ ಅಂತ ಹ್ಯಾಂಗ ಅನ್ಲಿ?”

ಬುಧವಾರ ಮಧ್ಯಾಹ್ನ ಶರೋನ ಔರಾದಿಗೆ ಹೋದಾಗ ಅಕ್ಕನ ಮನೆಗೆ ಬೀಗ ಹಾಕಿತ್ತು. ಜ್ವರಕ್ಕೆ ಗುಳಿಗೆ ತರಲು ಹೋಗಿದ್ದೆ ಎಂದಿದ್ದಳು ಅಕ್ಕ. ನಂಬಿದ್ದಳು. ಅಕ್ಕನ ಮಾತನ್ನು ಪರೀಕ್ಷಿಸಬೇಕೆಂದು ಅವಳಿಗೆ ಹುಟ್ಟಿದಾಗಿನಿಂದ ಅನ್ನಿಸಿರಲಿಲ್ಲ. ಅವಳ ಕೈ ತಾನಾಗಿ ಫೋನಿನ ಕಡೆ ಹೋಯಿತು.

“ಸ್ಪೀಕರ್ ಬಂದ್ ಮಾಡಬ್ಯಾಡ್ರಿ,” ಎಂದರು ಭಾಲಚಂದ್ರ. ಮೊದಲ ಸಲ ಅವಳಿಗೆ ಬಹುವಚನ ಬಂದಿತ್ತು. ಮಕರಂದ ನಿಧಾನಕ್ಕೆ ತನ್ನ ಕುರ್ಚಿಯಲ್ಲಿ ಕೂತ.

ಆ ಕಡೆ ಎಲೀನಾಳಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಗಾಡಿ ಕುಲುಕುತ್ತಿತ್ತು, ಅವಳು ಕೂಗಿ ಹೇಳುತ್ತಿದ್ದಳು.

“ಅವರೇ ನನ್ನ ಬಾಜೂಕ ಕೂತು ಬರಿಸ್ಯಾರ ಅಕ್ಕಾ. ಕಂಪ್ಯೂಟರಿನ್ಯಾಗ ಸೊನ್ನಿ ಹಾಕಿದ್ರ ಏನು ಅಂತ ನಾ ಕೇಳಿದ್ನಿ. ಸೊನ್ನಿ ಹಾಕಿದ್ರ ಕೆಂಪು ಬೀಳ್ತದ ಎಲೀನಾ, ನಿಲ್ ಅಂತನೇ ಹಾಕು ಅಂದ್ರು.”